ಗಣಕಜಾಲದಲ್ಲಿ ಸ್ತರವಿಭಾಗ

ಬೆಂಗಳೂರಿನ ಗ್ರಂಥಾಲಯವೊಂದರ ಗಣಕದಲ್ಲಿರುವ ಶಾಸನಪಾಠವನ್ನು ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಲ್ಲಿ ಕುಳಿತ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನಲ್ಲಿ ತೆರೆಯುತ್ತಾನೆಂದು ಭಾವಿಸೋಣ. ಪಾಠದ ಗಾತ್ರ ೧೪,೬೦೦ ಬೈಟುಗಳಿರಲಿ. ಅದು ತಾಮ್ರದ ತಂತಿ, ಗಾಜಿನ ಎಳೆ, ರೇಡಿಯೊ ಅಲೆ ಇವನ್ನೆಲ್ಲ ಹಾದು ಬರಬೇಕು. ಆದರೂ ಆ ಪಾಠವನ್ನು ಕಳುಹಿಸುವ ಕ್ರಮವಿಧಿಯನ್ನು ಬರೆದವನಿಗೆ ಈ ಹಾದಿಗಳಲ್ಲಿ ಒಂದರ ಪರಿಚಯವೂ ಇರಬೇಕಾಗಿಲ್ಲ. ಇದು ಸ್ತರವಿಭಾಗದ ಫಲ.

ಅನ್ವಯಸ್ತರವು ಪಾಠವನ್ನು ತನ್ನ ಕೆಳಗಿನ ರವಾನೆಸ್ತರಕ್ಕೆ ಒಪ್ಪಿಸಿ ಸುಮ್ಮನಾಗುತ್ತದೆ. ಈಥರ್‌ನೆಟ್ಟಿನ ಒಂದು ಚೌಕಟ್ಟಿನೊಳಗೆ ಸಾಮಾನ್ಯವಾಗಿ ೧,೫೦೦ ಬೈಟುಗಳು ಹಿಡಿಯುತ್ತವೆ. ಅದರಲ್ಲಿ ಟಿಸಿಪಿಯ ತಲೆಬರಹಕ್ಕೆ ೨೦, ಐಪಿಯ ತಲೆಬರಹಕ್ಕೆ ೨೦ ಕಳೆದರೆ ಉಳಿಯುವುದು ೧,೪೬೦. ಎಂದರೆ ನಮ್ಮ ಪಾಠಕ್ಕೆ ಹತ್ತು ತುಂಡುಗಳು. ರವಾನೆಸ್ತರವು ತುಂಡುಗಳ ಅನುಕ್ರಮವನ್ನು ಗುರುತಿಸುತ್ತದೆ. ಜಾಲಸ್ತರವು ಗಮ್ಯವಿಳಾಸವನ್ನು ಬರೆಯುತ್ತದೆ. ಕೊಂಡಿಸ್ತರವು ಮುಂದಿನ ನಿಲುಗಡೆಯವರೆಗೆ ಮಾತ್ರ ಹೊಣೆ ಹೊರುತ್ತದೆ. ನಿಲುಗಡೆ ನಿಲುಗಡೆಗೂ ಹೊರಗಿನ ಚೌಕಟ್ಟನ್ನು ಕಳಚಿ ಹೊಸದನ್ನು ತೊಡಿಸುತ್ತಾರೆ. ಒಳಗಿನ ವಿಳಾಸವು ತತ್ತ್ವತಃ ಹಾಗೆಯೇ ಉಳಿಯುತ್ತದೆ. (ನಡುದಾರಿಯಲ್ಲಿ ವಿಳಾಸವನ್ನೇ ತಿದ್ದುವ ಯಂತ್ರಗಳೂ ಇಂದು ಹೇರಳವಾಗಿವೆ, ಸ್ತರಮರ್ಯಾದೆಯನ್ನು ಅವು ಅಷ್ಟಾಗಿ ಪಾಲಿಸುವುದಿಲ್ಲ.)

ಸ್ತರಗಳು ಏಳೆಂದು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೯೮೪ರಲ್ಲಿ ಪ್ರಕಟಿಸಿದ ಓಎಸ್‌ಐ ಮಾದರಿ. ಅಷ್ಟರಲ್ಲಿ ಅಮೆರಿಕದ ಆರ್ಪಾನೆಟ್ ಜಾಲವು ೧೯೮೩ರ ಜನವರಿ ೧ರಂದೇ ಟಿಸಿಪಿ-ಐಪಿ ಕ್ರಮಕ್ಕೆ ಬದಲಾಗಿತ್ತು. ಭಾರತದಲ್ಲಿ ೧೯೮೬ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಭಾಗಿಯಾಗಿತ್ತು. ಆ ಜಾಲವು ಮೊದಲಿಗೆ ಎರಡು ಕ್ರಮಗಳನ್ನೂ ಜೊತೆಜೊತೆಯಲ್ಲಿ ನಡೆಸಿತು; ೧೯೯೫ರ ಹೊತ್ತಿಗೆ ಸಂಚಾರವೆಲ್ಲ ಬಹುಮಟ್ಟಿಗೆ ಟಿಸಿಪಿ-ಐಪಿಯ ಕಡೆಗೆ ಸರಿದಿತ್ತು. ಏಳರ ಮಾದರಿಯನ್ನು ಭೂಪಟವೆಂದು ಕಲಿಸುವುದು ಸರಿ. ಭೂಮಿಯೆಂದು ಕಲಿಸುವುದು ತಪ್ಪೆಂಬುದು ನಮ್ಮ ಅಭಿಪ್ರಾಯ.

ಒಂದು ಸ್ತರಕ್ಕೆ ಇನ್ನೊಂದರ ಒಳಗುಟ್ಟು ತಿಳಿಯದಿರುವುದೇ ಈ ವ್ಯವಸ್ಥೆಯ ಬಲವೆಂದೆವಷ್ಟೆ. ಅದೇ ಅದರ ದೋಷವೂ ಹೌದು. ೧೯೮೬ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಂಚಾರವು ದಟ್ಟಣೆಯಿಂದಾಗಿ ಸೆಕೆಂಡಿಗೆ ೩೨,೦೦೦ ಬಿಟ್ಟುಗಳಿಂದ ೪೦ಕ್ಕೆ ಕುಸಿಯಿತು. ೧೯೮೮ರಲ್ಲಿ ವ್ಯಾನ್ ಜೇಕಬ್‌ಸನ್ ಪ್ರಕಟಿಸಿದ ಪರಿಹಾರದಂತೆ, ತುಂಡೊಂದು ಕಳೆದುಹೋದರೆ ರವಾನೆಸ್ತರವು ಅದನ್ನು ದಟ್ಟಣೆಯ ಕುರುಹೆಂದು ಬಗೆದು ವೇಗವನ್ನು ತಗ್ಗಿಸಬೇಕು. ತಂತಿಯ ಜಾಲಕ್ಕೆ ಇದು ಒಪ್ಪುವ ಮಾತು. ಆದರೆ ನಮ್ಮ ವಿದ್ಯಾರ್ಥಿಯ ಕೈಯಲ್ಲಿ ಸಂಜ್ಞೆಯೇ ದುರ್ಬಲವಾಗಿ ತುಂಡು ನಷ್ಟವಾಯಿತೆನ್ನಿ. ಹಾದಿ ಬರಿದಾಗಿಯೇ ಇದೆ. ಆದರೆ ಬೆಂಗಳೂರಿನ ಗಣಕಕ್ಕೆ ಇದನ್ನು ಹೇಳುವವರಿಲ್ಲ. ಬೇಗ ಮರುಕಳುಹಿಸಬೇಕಾದಲ್ಲಿ ಅದು ನಿಧಾನಿಸುತ್ತದೆ. ದುರ್ಬಲ ಸಂಜ್ಞೆಯ ಊರು ಹೀಗೆ ಎರಡು ಸಲ ದಂಡ ತೆರುತ್ತದೆ.

ಇದಕ್ಕಾಗಿ ಮೊಬೈಲ್ ಜಾಲಗಳಲ್ಲಿ ಕೊಂಡಿಸ್ತರವು ಕೆಟ್ಟ ಚೌಕಟ್ಟನ್ನು ತಾನೇ ಮರುಕಳುಹಿಸಿ ನಷ್ಟವನ್ನು ಮೇಲಿನವರಿಂದ ಮರೆಮಾಡುತ್ತದೆ. ಆಗ ನಷ್ಟದ ಬದಲು ವಿಳಂಬ ಕಾಣಿಸುತ್ತದೆ. ವಿಳಂಬ ಮಿತಿಮೀರಿದರೆ ಮೇಲಿನ ಸ್ತರವೂ ಅದೇ ತುಂಡನ್ನು ಮತ್ತೆ ಕಳುಹಿಸುತ್ತದೆ. ಗೂಗಲ್ ಸಂಸ್ಥೆಯವರು ೨೦೧೬ರಲ್ಲಿ ಪ್ರಕಟಿಸಿದ ಬಿಬಿಆರ್ ವಿಧಾನವು ನಷ್ಟವನ್ನೇ ಮುಖ್ಯ ಕುರುಹಾಗಿ ಹಿಡಿಯದೆ, ಹಾದಿಯ ಅಗಲವನ್ನೂ ಹೋಗಿಬರುವ ಕಾಲವನ್ನೂ ಅಳೆದು ವೇಗವನ್ನು ನಿರ್ಣಯಿಸುತ್ತದೆ.