ಜ್ವರದ ನಕ್ಷೆಯಲ್ಲಿ ನಮ್ಮ ಮನೆಯ ಡ್ರಮ್ಮು

ಸಹೋದರಿಯರೇ, ನಿಮ್ಮ ಮನೆಯಲ್ಲಿ ನೀರು ನಿಲ್ಲುವ ಪಾತ್ರೆಗಳು ಎಷ್ಟಿವೆ ಎಂದು ಎಂದಾದರೂ ಎಣಿಸಿದ್ದೀರಾ? ಕೊಡ, ಹಂಡೆ, ಬಚ್ಚಲಿನ ತೊಟ್ಟಿ, ಅಂಗಳದ ಪ್ಲಾಸ್ಟಿಕ್ ಡ್ರಮ್ಮು, ಮಾಳಿಗೆಯ ಟ್ಯಾಂಕು, ಕೋಳಿಗಳಿಗೆ ಇಟ್ಟ ಬೋಗುಣಿ, ದನಗಳ ಬಾನಿ, ಹಿತ್ತಲಲ್ಲಿ ಬಿದ್ದಿರುವ ಹಳೆಯ ಒಳಕಲ್ಲು. ನವಲಗುಂದ, ಅಣ್ಣಿಗೇರಿ ಕಡೆಯ ಮನೆಯಾದರೆ ಎಣಿಕೆ ಹತ್ತನ್ನು ಸುಲಭವಾಗಿ ದಾಟುತ್ತದೆ. ಇದಕ್ಕೆ ಮನೆಯ ಹೆಂಗಸರನ್ನು ದೂರುವುದು ಸರಿಯಲ್ಲ. ಎರಿಮಣ್ಣಿನ ಈ ಸೀಮೆಯಲ್ಲಿ ಅನೇಕ ಕಡೆ ಬೋರಿನ ನೀರು ಸವಳು. ಕುಡಿಯಲು ಕೆರೆಯ ನೀರೇ ಗತಿ. ಎಷ್ಟೋ ಊರುಗಳಲ್ಲಿ ನಳದ ನೀರು ದಿನಾಲೂ ಬರುವುದಿಲ್ಲ. ಬಂದ ದಿನ ತುಂಬಿಡದಿದ್ದರೆ ಅಡುಗೆಯೂ ಇಲ್ಲ, ವುಝೂ ಕೂಡ ಇಲ್ಲ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಇದೇ. ಅದು ಗಟಾರದ ಸೊಳ್ಳೆಯಲ್ಲ. ನಾವು ಜೋಪಾನವಾಗಿ ತುಂಬಿಟ್ಟ ಸ್ವಚ್ಛ ನೀರಿನ ಸೊಳ್ಳೆ.

ರೋಗವನ್ನು ನಕ್ಷೆಯ ಮೇಲೆ ಗುರುತಿಸುವ ವಿದ್ಯೆ ಹಳೆಯದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯರು ಸಾವು ಸಂಭವಿಸಿದ ಮನೆಗಳನ್ನು ಬೀದಿಯ ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಒಂದು ನೀರಿನ ಪಂಪಿನ ಸುತ್ತ ಕಿಕ್ಕಿರಿದಿದ್ದವು. ಇಂದು ಇದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್, ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಸೇರಿ ಡೆಂಗಿ ಪ್ರಕರಣಗಳನ್ನು ನಕ್ಷೆಗೆ ಇಳಿಸಿ, ಮುಂದೆ ಎಲ್ಲಿ ಹೆಚ್ಚಬಹುದೆಂದು ಮುನ್ಸೂಚನೆ ನೀಡುವ ಕೆಲಸದಲ್ಲಿ ತೊಡಗಿದೆ. 2024ರಲ್ಲಿ ಆಗಸ್ಟ್ ಮುಗಿಯುವುದರೊಳಗೆ ಕರ್ನಾಟಕದಲ್ಲಿ 24 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿ, ಸೆಪ್ಟೆಂಬರ್‌ನಲ್ಲಿ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಅವುಗಳಲ್ಲಿ ದೊಡ್ಡ ಪಾಲು ಬೆಂಗಳೂರಿನದು.

ಹಾಗಾದರೆ ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲಿ ಡೆಂಗಿ ಇಲ್ಲವೇ? ನಕ್ಷೆಯಲ್ಲಿ ಗುರುತು ಬೀಳಬೇಕಾದರೆ ಮೊದಲು ರಕ್ತ ಪರೀಕ್ಷೆಯಾಗಬೇಕು. ನಮ್ಮಲ್ಲಿ ಮಗುವಿಗೆ ಜ್ವರ ಬಂದರೆ ಊರಿನ ಡಾಕ್ಟರರ ಹತ್ತಿರ ಒಂದು ಸೂಜಿ, ನಾಲ್ಕು ಗುಳಿಗೆ. ವಾಸಿಯಾದರೆ ಅಲ್‌ಹಮ್ದುಲಿಲ್ಲಾಹ್, ಅಲ್ಲಿಗೆ ಮುಗಿಯಿತು. ಆ ಜ್ವರ ಯಾವ ಪುಸ್ತಕದಲ್ಲೂ ಸೇರುವುದಿಲ್ಲ. ನಕ್ಷೆಯಲ್ಲಿ ಖಾಲಿ ಕಾಣುವ ಬೀದಿಯೆಂದರೆ ಜ್ವರವಿಲ್ಲದ ಬೀದಿಯೆಂದಲ್ಲ.

2024ರ ಜುಲೈಯಲ್ಲಿ ನನ್ನ ಕೈಯಲ್ಲಿದ್ದದ್ದು ಕಂಪ್ಯೂಟರ್ ಅಲ್ಲ, ಹಾಜರಿ ಪುಸ್ತಕ. ಬೆಳಗಿನ ಮದ್ರಸದ ತರಗತಿಯಲ್ಲಿ ಒಂದೇ ವಾರದಲ್ಲಿ ಏಳು ಮಕ್ಕಳು ಗೈರು. ಎಲ್ಲರಿಗೂ ಜ್ವರ. ಅವರಲ್ಲಿ ಒಬ್ಬ ಹುಡುಗಿಗೆ ಐದನೆಯ ದಿನ ಜ್ವರ ಇಳಿಯಿತು. ಮನೆಯವರು ನೆಮ್ಮದಿಯಿಂದ ಅವಳನ್ನು ಕರೆದುಕೊಂಡು ಖಾಲಾನ ಊರಿಗೆ, ಮದುವೆಗೆ ಹೋದರು. ಅಲ್ಲಿ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಕೈಕಾಲು ತಣ್ಣಗೆ. ರಾತ್ರೋರಾತ್ರಿ ಹುಬ್ಬಳ್ಳಿಗೆ ಸಾಗಿಸಬೇಕಾಯಿತು. ಅಲ್ಲಾಹನ ಕೃಪೆಯಿಂದ ಬದುಕಿದಳು. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗಲ್ಲ, ಇಳಿಯುವಾಗ ಬರುತ್ತದೆ ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಬಿ.ಎ. ಓದಿದ ನನಗೂ ಗೊತ್ತಿರಲಿಲ್ಲ.

ಆ ದಿನ ಕರಿಹಲಗೆಯ ಮೇಲೆ ಊರಿನ ಓಣಿಗಳನ್ನು ಬರೆದು, ಜ್ವರ ಬಂದ ಮಕ್ಕಳ ಮನೆಗಳಿಗೆ ಚುಕ್ಕೆ ಇಟ್ಟೆ. ಈಡಿಸ್ ಹೆಚ್ಚು ದೂರ ಹಾರುವ ಸೊಳ್ಳೆಯಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರಿನೊಳಗೇ ಅದರ ಬದುಕು. ಆದ್ದರಿಂದ ಚುಕ್ಕೆಗಳು ಒಂದೇ ಓಣಿಯಲ್ಲಿ ಬೀಳಬಹುದೆಂದುಕೊಂಡಿದ್ದೆ. ಹಾಗಾಗಲಿಲ್ಲ. ಊರಿನ ಮೂರು ಮೂಲೆಗಳಲ್ಲಿ ಬಿದ್ದವು. ಆಶಾ ಕಾರ್ಯಕರ್ತೆ ಆ ಮನೆಗಳ ಡ್ರಮ್ಮುಗಳಿಗೆ ಟಾರ್ಚು ಹಾಕಿ ನೋಡಿ ಬಂದರು. ಹೆಚ್ಚಿನವುಗಳಲ್ಲಿ ಹುಳ ಇರಲಿಲ್ಲ. ಕರಿಹಲಗೆಯ ಮುಂದೆ ನಿಂತು ಅವರು ಕೇಳಿದ್ದು ಒಂದೇ ಮಾತು: "ಇದು ಮಕ್ಕಳು ರಾತ್ರಿ ಮಲಗೋ ಜಾಗ ಆತು. ಈ ಸೊಳ್ಳಿ ಕಚ್ಚೂದು ಹಗಲೊತ್ತಿನ್ಯಾಗ. ಹಗಲು ಎಲ್ಲಿರ್ತಾವ್ರೀ ಮಕ್ಕಳು?"

ಈಡಿಸ್ ಹೆಚ್ಚಾಗಿ ಕಚ್ಚುವುದು ಸೂರ್ಯ ಹುಟ್ಟಿದ ನಂತರದ ಒಂದೆರಡು ತಾಸು, ಮತ್ತೆ ಅಸರ್‌ನಿಂದ ಮಗ್ರಿಬ್‌ವರೆಗೆ. ಬೆಳಗಿನ ಆ ಹೊತ್ತಿನಲ್ಲಿ ಏಳೂ ಮಕ್ಕಳು ನನ್ನ ಮುಂದೆಯೇ ಕುಳಿತಿರುತ್ತಿದ್ದರು. ತರಗತಿಯ ಹಿಂದೆ ಮಕ್ಕಳ ವುಝೂಗೆಂದು ತುಂಬಿಡುವ ಡ್ರಮ್ಮಿತ್ತು. ಮುಚ್ಚಳ ಒಡೆದು ಎಷ್ಟು ದಿನವಾಗಿತ್ತೋ. ಟಾರ್ಚು ಬಿಟ್ಟಾಗ ಹುಳಗಳು ಕುಣಿಯುತ್ತ ತಳಕ್ಕಿಳಿದವು.

ಯಾವಾಗ ಎಂಬ ಪ್ರಶ್ನೆಗೂ ಒಂದು ಲೆಕ್ಕವಿದೆ. ತತ್ತಿ ನೀರಿಗೆ ಸಿಕ್ಕಿ ಸೊಳ್ಳೆಯಾಗಲು ವಾರದಿಂದ ಹತ್ತು ದಿನ. ಆ ಸೊಳ್ಳೆ ರೋಗಿಯನ್ನು ಕಚ್ಚಿದ ಮೇಲೆ ವೈರಸ್ ಅದರೊಳಗೆ ಬೆಳೆದು ಇನ್ನೊಬ್ಬರಿಗೆ ದಾಟಲು ಸಿದ್ಧವಾಗುವುದಕ್ಕೆ ಎಂಟರಿಂದ ಹನ್ನೆರಡು ದಿನ. ಕಚ್ಚಿಸಿಕೊಂಡವರಿಗೆ ಜ್ವರ ಬರಲು ನಾಲ್ಕರಿಂದ ಹತ್ತು ದಿನ. ಮಿರಗದ ಮಳೆಗೆ ತುಂಬಿದ ಟೈರಿನ ಫಲ ಜುಲೈಯಲ್ಲಿ ಕಾಣುವುದು ಹೀಗೆ. ಇಂದು ನಕ್ಷೆಯಲ್ಲಿ ಬಿದ್ದ ಚುಕ್ಕೆ ಮೂರು ನಾಲ್ಕು ವಾರಗಳ ಹಿಂದೆ ನಾವು ಮುಚ್ಚದೆ ಬಿಟ್ಟ ಪಾತ್ರೆಯ ಕಥೆ ಹೇಳುತ್ತಿರುತ್ತದೆ. ಮಲೆನಾಡಿಗೆ ಹತ್ತಿದ ಕಲಘಟಗಿಯಲ್ಲಿ ಮಳೆ ಹೆಚ್ಚು. ಅಲ್ಲಿ ಬಯಲಲ್ಲಿ ಬಿದ್ದ ಟೈರು, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟಗಳ ಮೇಲೆ ಕಣ್ಣಿರಬೇಕು. ನವಲಗುಂದ, ಅಣ್ಣಿಗೇರಿಯಲ್ಲಿ ಮಳೆಯ ದಾರಿ ಕಾಯಬೇಕಾಗಿಲ್ಲ, ತುಂಬಿಟ್ಟ ನೀರೇ ಸಾಕು. ಬೇಸಿಗೆಯಲ್ಲೂ ಅದು ಮನೆಯೊಳಗೇ ಇರುತ್ತದೆ.

ನವಲಗುಂದದ ಜಮಖಾನ ನೇಯುವ ಸಹೋದರಿಯರನ್ನು ನೆನೆಸಿಕೊಂಡರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಗ್ಗದ ಮುಂದೆ ಹಗಲೆಲ್ಲ ಕುಳಿತೇ ಇರಬೇಕು. ಮನೆಯೊಳಗಿನ ಅರೆಗತ್ತಲು, ಕೆಳಗೆ ಇಳಿಬಿಟ್ಟ ಕಾಲುಗಳು. ಈಡಿಸ್‌ಗೆ ಇಷ್ಟವಾದದ್ದು ಅದೇ ನೆರಳು, ಅದೇ ಕಾಲು. ರಾತ್ರಿಯ ಸೊಳ್ಳೆಪರದೆ ಇಲ್ಲಿ ಅಷ್ಟಾಗಿ ಕಾಯದು. ಅದೇ ಸೊಳ್ಳೆ 2006ರಲ್ಲಿ ಚಿಕುನ್‌ಗುನ್ಯಾ ತಂದಾಗ ದೇಶದ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದಲ್ಲೇ ಇದ್ದವು. ಮಂಡಿ ಹಿಡಿದು ಕುಳಿತ ಅಜ್ಜಿಯರಿಗೆ ಆ ವರ್ಷ ಇನ್ನೂ ನೆನಪಿದೆ.

ಪಾತ್ರೆಗಳನ್ನು ಮುಚ್ಚಿರಿ, ನೀರಿನ ಚೀಲಗಳ ಬಾಯಿ ಕಟ್ಟಿರಿ ಎಂಬ ಅರ್ಥದ ಪ್ರವಾದಿ(ಸ)ರ ಉಪದೇಶ ಸಹೀಹ್ ಮುಸ್ಲಿಮ್‌ನಲ್ಲಿದೆ. ವರ್ಷದ ಒಂದು ರಾತ್ರಿ ಇಳಿಯುವ ರೋಗದ ಪ್ರಸ್ತಾಪವೂ ಅದರಲ್ಲೇ ಬರುತ್ತದೆ. ಆ ಹದೀಸ್ ಡೆಂಗಿಯ ಬಗ್ಗೆಯೇ ಹೇಳಿದ್ದೆಂದು ವಾದಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಹಾಗೆ ಎಳೆದು ಕಟ್ಟುವ ಅಗತ್ಯವೂ ಇಲ್ಲ. ಆದರೆ ರಾತ್ರಿ ಮುಚ್ಚಿದ ಪಾತ್ರೆ ಹಗಲಲ್ಲೂ ಮುಚ್ಚಿಯೇ ಇದ್ದರೆ ಸುನ್ನತ್ತಿನ ಜೊತೆಗೆ ಮಕ್ಕಳ ಜೀವವೂ ಉಳಿಯುತ್ತದೆ.

ಖಾಲಿ ಮಾಡಿದರಷ್ಟೇ ಸಾಲದು, ತಿಕ್ಕಬೇಕು. ತತ್ತಿಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ, ಮತ್ತೆ ನೀರು ಬಿದ್ದೊಡನೆ ಒಡೆಯುತ್ತವೆ. ವಾರಕ್ಕೊಮ್ಮೆ ತಿಕ್ಕಿ ಒಣಗಿಸಿದರೆ ಹುಳ ಸೊಳ್ಳೆಯಾಗುವ ಮೊದಲೇ ಸರಪಳಿ ಕಡಿಯುತ್ತದೆ. 2024ರಲ್ಲಿ ಆರೋಗ್ಯ ಇಲಾಖೆ ಲಾರ್ವಾ ನಾಶಕ್ಕೆಂದು ಶುಕ್ರವಾರವನ್ನೇ ಗೊತ್ತುಮಾಡಿತ್ತು. ಜುಮಾದ ದಿನ ಹೇಗೂ ಮನೆಯೆಲ್ಲ ತೊಳೆಯುತ್ತೀರಿ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ.

ಇನ್ನೊಂದು ಮಾತು. ಸಮೀಕ್ಷೆಯವರು ಬಂದಾಗ "ಮನೆಯಲ್ಲಿ ಗಂಡಸರಿಲ್ಲ" ಎಂದು ಬಾಗಿಲಿನಿಂದಲೇ ಕಳಿಸುವ ರೂಢಿ ನಮ್ಮಲ್ಲಿದೆ. ಪರ್ದಾದ ಕಾಳಜಿ ಸರಿಯಾದದ್ದೇ. ಆದರೆ ಆಶಾ ಸಹೋದರಿಯನ್ನು ಒಳಗೆ ಕರೆಯಲು ಯಾವ ಅಡ್ಡಿ? ಇಲ್ಲವೇ ಟಾರ್ಚನ್ನು ನೀವೇ ಹಿಡಿದು ನೋಡಿರಿ, ಹುಳವಿದ್ದರೆ ಮುಚ್ಚಿಡದೆ ಹೇಳಿರಿ.

ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಗುಳಿಗೆಗಳು ರಕ್ತಸ್ರಾವ ಹೆಚ್ಚಿಸಬಹುದು. ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 ಪರೀಕ್ಷೆ, ಆಮೇಲೆ ಐಜಿಎಂ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ ಪಪ್ಪಾಯಿ ಎಲೆಯ ರಸ ಹಿಂಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿರಿ. ಒಮ್ಮೆ ಡೆಂಗಿ ಬಂದು ಹೋದವರೂ ಮೈಮರೆಯುವಂತಿಲ್ಲ. ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಎರಡನೆಯ ಸಲ ಬೇರೆ ಬಗೆ ತಗಲಿದರೆ ತೀವ್ರವಾಗುವ ಸಂಭವ ಹೆಚ್ಚು.

ನಮ್ಮ ಡ್ರಮ್ಮಿಗೆ ತಗಡಿನ ಮುಚ್ಚಳ ಮಾಡಿಸಿದೆವು. ಶುಕ್ರವಾರಕ್ಕೊಮ್ಮೆ ದೊಡ್ಡ ಹುಡುಗರು ತೆಂಗಿನ ನಾರಿನಿಂದ ಅದನ್ನು ತಿಕ್ಕುತ್ತಾರೆ. ಹಾಜರಿ ಪುಸ್ತಕದಲ್ಲಿ ಈಗ ಗೈರು ಎಂದಷ್ಟೇ ಬರೆಯುವುದಿಲ್ಲ. ಜ್ವರವಿದ್ದರೆ ಪಕ್ಕದಲ್ಲಿ 'ಜ್ವ' ಎಂದು ಸಣ್ಣಗೆ ಬರೆಯುತ್ತೇನೆ. ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಬಂದು ಆ ಪುಟಗಳನ್ನು ತಿರುವಿ ನೋಡಿ ಹೋಗುತ್ತಾರೆ.