ಮುಳುಗದೆ ಉಳಿದ ನೆಲದ ಮೇಲೆ ಸೈಕಲ್ ಹಾದಿ

ನ್ಯೂ ಜೆರ್ಸಿಯ ಐಸೆಲಿನ್ ಊರನ್ನು ಹಾದುಹೋಗುವ 27ನೇ ನಂಬರಿನ ರಸ್ತೆಯನ್ನೇ ಹಿಡಿದು ನ್ಯೂ ಬ್ರನ್ಸ್‌ವಿಕ್ ದಾಟಿ ಮುಂದೆ ಹೋದರೆ ಫ್ರಾಂಕ್ಲಿನ್ ಪಾರ್ಕ್ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ, ಮಿಲ್‌ಸ್ಟೋನ್ ನದಿಯವರೆಗೆ, 3,000 ಎಕರೆಗೂ ಮಿಕ್ಕಿ ಕಾಡು, ಹೊಲ, ಹಳ್ಳ ಹರಡಿಕೊಂಡಿವೆ. ಕಾಗದಪತ್ರದಲ್ಲಿ ಇದು ಸಿಕ್ಸ್ ಮೈಲ್ ರನ್ ಜಲಾಶಯ. 1970ರ ಸುಮಾರಿಗೆ ನ್ಯೂ ಜೆರ್ಸಿ ಸರ್ಕಾರ ಅಣೆಕಟ್ಟು ಕಟ್ಟಲೆಂದು ಈ ಭೂಮಿಯನ್ನು ಕೊಂಡಿತು. ಆಮೇಲೆ ನೀರಿಗೆ ಬೇರೆ ವ್ಯವಸ್ಥೆಯಾಯಿತು, ಅಣೆಕಟ್ಟು ಏಳಲೇ ಇಲ್ಲ. ಈಗ ಇದು ಡೆಲಾವೇರ್-ರಾರಿಟನ್ ಕಾಲುವೆ ಸ್ಟೇಟ್ ಪಾರ್ಕಿನ ಭಾಗ. ಒಂದಷ್ಟು ಹೊಲಗಳನ್ನು ರೈತರು ಗುತ್ತಿಗೆಗೆ ಉಳುತ್ತಾರೆ. ಉಳಿದ ಕಾಡಿನೊಳಗೆ ಸುತ್ತಮುತ್ತಲ ಊರುಗಳ ಮೌಂಟನ್ ಬೈಕ್ ಸವಾರರ ಅಚ್ಚುಮೆಚ್ಚಿನ ಹಾದಿಗಳಿವೆ.

ನನ್ನ ತವರಿನ ಹೊಲ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಮುಳುಗಿಸಲೆಂದೇ ಕೊಂಡ ನೆಲವೊಂದು ಮುಳುಗದೆ ಉಳಿದು, ಓಕ್ ಮರಗಳ ನಡುವೆ ಮಕ್ಕಳು ಸೈಕಲ್ ಹೊಡೆಯುವ ಜಾಗವಾಗಿದೆ ಎಂದು ತಿಳಿದ ದಿನದಿಂದ ಈ ಕಾಡಿನ ಬಗ್ಗೆ ನನಗೆ ವಿಶೇಷ ಮಮತೆ.

ಮೌಂಟನ್ ಬೈಕ್ ಅಂದರೆ ದಪ್ಪ, ಹಲ್ಲುಹಲ್ಲಾದ ಟೈರು, ಅಗಲವಾದ ಹ್ಯಾಂಡಲ್, ಏರು ಹತ್ತಲು ಹಗುರ ಗೇರು, ಮುಂದಿನ ಗಾಲಿಗೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೆಯ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸುತ್ತ ಶುರುಮಾಡಿದ ಆಟ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. ಇದಕ್ಕೆ ಬೇಕಾದ ಹಾದಿ ಒಂದು ಸೈಕಲ್ ಹಿಡಿಸುವಷ್ಟೇ ಅಗಲ. ಸಿಂಗಲ್ ಟ್ರ್ಯಾಕ್ ಎನ್ನುತ್ತಾರೆ.

ಆ ಸಣ್ಣ ಹಾದಿಯ ಆಯುಷ್ಯವೆಲ್ಲ ನೀರಿನ ಕೈಯಲ್ಲಿದೆ. ಇಳಿಜಾರಿನಲ್ಲಿ ನೇರವಾಗಿ ಹಾದಿ ಕಡಿದರೆ ಮೊದಲ ಜೋರು ಮಳೆಗೇ ಅದು ಹಳ್ಳವಾಗುತ್ತದೆ. ಅದಕ್ಕೇ ಬಲ್ಲವರು ಗುಡ್ಡದ ಮೈಗೆ ಅಡ್ಡಲಾಗಿ, ಸಮಪಾತಳಿಗೆ ಹತ್ತಿರವಾಗಿ ಹಾದಿ ತೆಗೆಯುತ್ತಾರೆ. ಗುಡ್ಡ ಎಷ್ಟು ಕಡಿದಾಗಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ಕಡಿದಾಗಿ ಹಾದಿ ಏರಬಾರದು, ಸರಾಸರಿ ಏರು ನೂರು ಅಡಿಗೆ ಹತ್ತು ಅಡಿ ಮೀರಬಾರದು ಎಂಬುದು ಅವರ ಲೆಕ್ಕ. ಹಾದಿಯ ಹೊರಅಂಚು ಒಳಅಂಚಿಗಿಂತ ಒಂದಿಷ್ಟು ತಗ್ಗಿರಬೇಕು. ಆಗ ನೀರು ಹಾದಿಗುಂಟ ಓಡದೆ ಅಡ್ಡ ದಾಟಿ ಕೆಳಗಿನ ಎಲೆಗಸದಲ್ಲಿ ಇಂಗುತ್ತದೆ. ಅಲ್ಲಲ್ಲಿ ಹಾದಿ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ತಪ್ಪಿಸಿಕೊಂಡು ಬಂದ ನೀರೂ ಆ ತಗ್ಗಿನಲ್ಲಿ ಹೊರಗೆ ಹೋಗುತ್ತದೆ. ನಮ್ಮ ಕಡೆಯ ಎರೆ ಹೊಲಗಳಲ್ಲಿ ಇಳಿಜಾರಿಗೆ ಅಡ್ಡ ಒಡ್ಡು ಹಾಕಿ ಮಣ್ಣು ಉಳಿಸಿಕೊಳ್ಳುತ್ತಿದ್ದ ನನ್ನ ಅಪ್ಪನಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಸಿಕ್ಸ್ ಮೈಲ್ ರನ್‌ನ ಮಣ್ಣು ಕೆಂಪು ಪದರಗಲ್ಲು ಸವೆದು ಆದದ್ದು. ಒಣಗಿದಾಗ ಗಟ್ಟಿ, ನೆಂದಾಗ ಜಿಗುಟು. ಹಸಿ ನೆಲದ ಮೇಲೆ ಸೈಕಲ್ ಓಡಿಸಿದರೆ ಗಾಲಿಯ ಗುರುತು ಚರಂಡಿಯಾಗುತ್ತದೆ. ಕೆಸರು ತಪ್ಪಿಸಲು ಹಿಂದೆ ಬರುವವರು ಪಕ್ಕಕ್ಕೆ ಸರಿದಂತೆಲ್ಲ ಹಾದಿ ಅಗಲವಾಗಿ ಗಿಡಗಳು ಸಾಯುತ್ತವೆ. ಆದ್ದರಿಂದ ಮಳೆ ಬಂದು ಹೋದ ಮೇಲೆ ನೆಲ ಆರುವವರೆಗೆ ಯಾರೂ ಸೈಕಲ್ ಇಳಿಸಬಾರದು. ಫೆಬ್ರವರಿ, ಮಾರ್ಚ್ ಇನ್ನೂ ಸೂಕ್ಷ್ಮ. ಬೆಳಿಗ್ಗೆ ಹೆಪ್ಪುಗಟ್ಟಿ ಕಲ್ಲಿನಂತಿದ್ದ ನೆಲ ಮಧ್ಯಾಹ್ನದ ಬಿಸಿಲಿಗೆ ಕರಗಿ ರಾಡಿಯಾಗುತ್ತದೆ. ಅಂಥ ದಿನ ಪಕ್ಕದಲ್ಲೇ ಇರುವ ಕಾಲುವೆಯ ದಂಡೆ ಹಾದಿ ಇದೆ. 1834ರಲ್ಲಿ ತೆರೆದ ಈ ಕಾಲುವೆಯನ್ನು ಬಹುಪಾಲು ಐರಿಷ್ ಕೂಲಿಗಳು ಗುದ್ದಲಿ ಸಲಿಕೆಯಲ್ಲಿ ತೋಡಿದರು. ಅದರ ದಂಡೆ ಸಪಾಟಾಗಿದೆ, ಹೊಸಬರಿಗೆ ಬಲು ಅನುಕೂಲ.

ಈ ಶಿಸ್ತಿನ ಮೇಲೆ ಪರವಾನಗಿಯೂ ನಿಂತಿದೆ. ಐಸೆಲಿನ್‌ಗೆ ಇನ್ನೂ ಹತ್ತಿರದ ದೊಡ್ಡ ಕಾಡು ಯೂನಿಯನ್ ಕೌಂಟಿಯ ವಾಚಂಗ್ ರಿಸರ್ವೇಷನ್. ಅದರ ಕಾಲುಹಾದಿಗಳು ದಶಕಗಳ ಕಾಲ ಮೌಂಟನ್ ಬೈಕಿಗೆ ಮುಚ್ಚಿದ್ದವು. ಜೋರ್ಬಾ ಎಂದು ಕರೆಯುವ ಜೆರ್ಸಿ ಆಫ್ ರೋಡ್ ಬೈಸಿಕಲ್ ಅಸೋಸಿಯೇಷನ್ನಿನ ಸ್ವಯಂಸೇವಕರು ಆಯಾ ಪಾರ್ಕಿನವರ ಒಪ್ಪಿಗೆ ಪಡೆದು ಹಾದಿ ರಿಪೇರಿ ಮಾಡುತ್ತಾರೆ, ಬಿದ್ದ ಮರ ತೆಗೆಯುತ್ತಾರೆ, ಹಳ್ಳಕ್ಕೆ ಮರದ ಸೇತುವೆ ಹಾಕುತ್ತಾರೆ. ಕೆಲಸ ಮಾಡಿದವರ ಮಾತಿಗೆ ಬೆಲೆ ಬರುತ್ತದೆ. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲೂ ಹುಡುಗರು ವರ್ಷಗಟ್ಟಲೆ ಸೈಕಲ್ ಓಡಿಸಿದ್ದಾರೆ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ಜನ ವಿರೋಧಿಸಿದರು. ಕಾಡನ್ನು ಅಷ್ಟು ಪ್ರೀತಿಸುವವರಿಗೆ ಗುರುತು ಹಾಕಿದ ಒಂದು ಹಾದಿಯ ಜವಾಬ್ದಾರಿ ವಹಿಸಿದರೆ ಅವರು ಅದನ್ನು ನೋಡಿಕೊಳ್ಳುತ್ತಾರೆ ಎಂದೇ ನನ್ನ ನಂಬಿಕೆ.

ಮಕ್ಕಳನ್ನು ಕಾಡಿಗೆ ಇಳಿಸುವ ಮೊದಲು ಸ್ಕಿಲ್ಸ್ ಏರಿಯಾಕ್ಕೆ ಕರೆದೊಯ್ಯುವುದು ಒಳ್ಳೆಯದು. ಕಾಡಿನಲ್ಲಿ ಎದುರಾಗುವ ಕಲ್ಲು, ದಿಮ್ಮಿ, ತಿರುವುಗಳನ್ನೇ ಚಿಕ್ಕದಾಗಿ ಮಾಡಿಟ್ಟ ಅಂಗಳ ಅದು. ನ್ಯೂ ಯಾರ್ಕ್ ನಗರದ ಹೈಬ್ರಿಜ್ ಪಾರ್ಕಿನಲ್ಲಿ 2007ರಲ್ಲಿ ಮೌಂಟನ್ ಬೈಕ್ ಹಾದಿಗಳ ಜೊತೆಗೆ ಜಿಗಿಯಲು ಮಣ್ಣಿನ ದಿಬ್ಬಗಳೂ ಬಂದವು. ಪಂಪ್ ಟ್ರ್ಯಾಕ್ ಎಂಬ ಉಬ್ಬುತಗ್ಗಿನ ಸುತ್ತಿನಲ್ಲಿ ಪೆಡಲ್ ತುಳಿಯುವಂತಿಲ್ಲ. ಉಬ್ಬು ಹತ್ತುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲಿನಿಂದ ಸೈಕಲ್ಲನ್ನು ನೆಲಕ್ಕೆ ಒತ್ತಿದರೆ ಅದೇ ವೇಗ ಕೊಡುತ್ತದೆ. ಇಳಿಜಾರಿನಲ್ಲಿ ಸೀಟು ತಗ್ಗಿಸಿ, ಎರಡೂ ಪೆಡಲ್ ಸಮಕ್ಕೆ ತಂದು ಎದ್ದು ನಿಲ್ಲಬೇಕು. ಮೊಣಕೈ, ಮೊಣಕಾಲು ಸಡಿಲವಿರಬೇಕು. ಬ್ರೇಕಿಗೆ ಒಂದು ಬೆರಳು ಸಾಕು. ಎಲ್ಲಕ್ಕಿಂತ ಕಷ್ಟದ್ದು ಕಣ್ಣನ್ನು ಮುಂದಿಡುವುದು. ಕಲ್ಲನ್ನೇ ದಿಟ್ಟಿಸಿದವರು ಕಲ್ಲಿಗೇ ಹೋಗಿ ಗುದ್ದುತ್ತಾರೆ. ನನ್ನ ಮಗಳಿಗೆ ಈಗಲೂ ಹಿಂದಿನಿಂದ ಕೂಗುತ್ತೇನೆ: “ಗಾಲಿ ನೋಡಬ್ಯಾಡವ್ವ, ಮುಂದ ನೋಡು!”

ಹೆಲ್ಮೆಟ್ ಎಲ್ಲರಿಗೂ ಬೇಕು. 17 ವರ್ಷದೊಳಗಿನವರಿಗೆ ನ್ಯೂ ಜೆರ್ಸಿಯಲ್ಲಿ ಅದು ಕಾನೂನು. ನಡೆಯುವವರಿಗೆ ಸೈಕಲ್ಲಿನವರು ದಾರಿ ಬಿಡಬೇಕು, ಕುದುರೆಗೆ ಎಲ್ಲರೂ ಬಿಡಬೇಕು. ಕುದುರೆ ಕಂಡರೆ ಇಳಿದು ನಿಂತು ಸವಾರರನ್ನು ಮಾತಾಡಿಸಿ. ಹೆಲ್ಮೆಟ್ ಹಾಕಿಕೊಂಡ ಆಕಾರ ಮನುಷ್ಯನದೇ ಎಂದು ಪ್ರಾಣಿಗೆ ದನಿಯಿಂದ ಗೊತ್ತಾಗುತ್ತದೆ. ಬೇಟೆಯ ಹಂಗಾಮಿನಲ್ಲಿ ಎದ್ದು ಕಾಣುವ ಕಿತ್ತಳೆ ಬಣ್ಣದ ಬಟ್ಟೆ ತೊಡಿ. ಮನೆಗೆ ಬಂದ ಕೂಡಲೇ ಮೊಣಕಾಲಿನ ಹಿಂದೆ, ಸೊಂಟದ ಸುತ್ತ, ಕೂದಲೊಳಗೆ ಉಣ್ಣೆ ಹತ್ತಿದೆಯೇ ಎಂದು ನೋಡಿ. ಲೈಮ್ ರೋಗ ಹರಡುವ ಉಣ್ಣೆಯ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಇನ್ನು ಸೈಕಲ್ ಬಾರದವರಿಗೂ ಕಾಡಿನಲ್ಲಿ ಕೆಲಸವಿದೆ. ಎಲೆ ಉದುರಿದ ಮೇಲೆ ನೀರು ಹೋಗುವ ತಗ್ಗುಗಳೆಲ್ಲ ತುಂಬಿಕೊಳ್ಳುತ್ತವೆ, ಚಳಿಗಾಲ ಬರುವ ಮೊದಲೇ ಎಲೆ ಎಳೆದು ಅವನ್ನು ಹಸನು ಮಾಡಬೇಕು.