ಸೂರಿಗೊಂದು, ಗೋಡೆಗೊಂದು, ನೆಲಕ್ಕೊಂದು

ಹೊಗೆ, ಕಾರ್ಬನ್ ಮೊನಾಕ್ಸೈಡ್ ಮತ್ತು ಸೋರಿದ ಅಡುಗೆ ಅನಿಲ ಮನೆಯೊಳಗಿನ ಗಾಳಿಯನ್ನು ಅಪಾಯಕಾರಿಯಾಗಿಸುವ ಮೂರು ಬೇರೆ ಬೇರೆ ವಸ್ತುಗಳು. ಬಿಸಿ ಹೊಗೆ ಸೂರಿಗೆ ಏರುತ್ತದೆ, ಮೊನಾಕ್ಸೈಡ್ ಗಾಳಿಯಲ್ಲಿ ಬೆರೆಯುತ್ತದೆ, ಸಿಲಿಂಡರಿನ ಅಡುಗೆ ಅನಿಲ ನೆಲಕ್ಕೆ ಇಳಿಯುತ್ತದೆ. ಆದ್ದರಿಂದ ಮೂರಕ್ಕೂ ಅಲಾರಂ ಬೇರೆ, ಅದನ್ನು ಕೂರಿಸುವ ಜಾಗವೂ ಬೇರೆ.

ಹೊಗೆ ಅಲಾರಂಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬೆಳಕಿನ ಮಾದರಿ. ಅದರೊಳಗಿನ ಕತ್ತಲ ಗೂಡಿನಲ್ಲಿ ಪುಟ್ಟ ಎಲ್‌ಇಡಿ ದೀಪ ಮಿಣುಕುತ್ತಿರುತ್ತದೆ. ಬೆಳಕನ್ನು ಗುರುತಿಸುವ ಫೋಟೋಡಯೋಡ್ ಆ ಬೆಳಕಿನ ದಾರಿಗೆ ಸಿಗದಂತೆ ಓರೆಯಾಗಿ ಕೂತಿರುತ್ತದೆ. ಹೊಗೆ ನುಗ್ಗಿದರೆ ಬೆಳಕು ಚದುರಿ ಫೋಟೋಡಯೋಡಿಗೆ ತಾಗುತ್ತದೆ, ಅಲಾರಂ ಕೂಗುತ್ತದೆ. ಮಾಳಿಗೆ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವುದೂ ಹೀಗೆಯೇ. ಹತ್ತಿಯ ಗಾದಿ ಒಳಗೊಳಗೇ ಹೊಗೆಯಾಡುವಂಥ ಬೆಂಕಿಯನ್ನು ಈ ಮಾದರಿ ಬೇಗ ಹಿಡಿಯುತ್ತದೆ. ಇನ್ನೊಂದು ಮಾದರಿಯಲ್ಲಿ ಅಮೆರಿಷಿಯಂ-241 ಎಂಬ ವಿಕಿರಣ ವಸ್ತು ಅತ್ಯಲ್ಪ ಪ್ರಮಾಣದಲ್ಲಿದ್ದು, ಗಾಳಿಯಲ್ಲಿ ಸಣ್ಣ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಹೊಗೆಯ ಕಣಗಳು ಆ ಹರಿವನ್ನು ತಗ್ಗಿಸಿದಾಗ ಸದ್ದಾಗುತ್ತದೆ. ಭುಗಿಲೆದ್ದ ಜ್ವಾಲೆಗೆ ಇದು ಚುರುಕು.

ಹೊಗೆ ಅಲಾರಂ ಕೂರಬೇಕಾದದ್ದು ಮಲಗುವ ಕೋಣೆಗಳ ಸೂರಿನಲ್ಲಿ ಮತ್ತು ಅವುಗಳ ಹೊರಗಿನ ಪಡಸಾಲೆಯಲ್ಲಿ. ಗೋಡೆಗೆ ಹಾಕುವುದಾದರೆ ಸೂರಿನಿಂದ ಒಂದು ಅಡಿಗಿಂತ ಕೆಳಗೆ ಇಳಿಸಬಾರದು. ಫ್ಯಾನಿನ ರೆಕ್ಕೆಯ ತುದಿಯಿಂದ ಮೂರು ಅಡಿ, ಒಲೆಯಿಂದ ಕನಿಷ್ಠ ಹತ್ತು ಅಡಿ ದೂರವಿರಬೇಕು. ಅಡುಗೆಮನೆಯೊಳಗೆ ಹಾಕಿದರೆ ಪ್ರತಿ ಒಗ್ಗರಣೆಗೂ ಅದು ಕೂಗುತ್ತದೆ, ಬೇಸತ್ತವರು ಬ್ಯಾಟರಿ ಕಿತ್ತಿಡುತ್ತಾರೆ. ಅಲ್ಲಿಗೆ ಶಾಖ ಗುರುತಿಸುವ ಅಲಾರಂ ಸರಿ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದಲ್ಲಿ ಅದರ ಅಪಾಯ ಹೆಚ್ಚು. ತೆಲಂಗಾಣದಲ್ಲಿ ಚಳಿಗಾಲದ ಅತಿ ಕಡಿಮೆ ಉಷ್ಣಾಂಶ ಮತ್ತೆ ಮತ್ತೆ ದಾಖಲಾಗುವ ಊರುಗಳಲ್ಲಿ ಜಹೀರಾಬಾದ್ ಪಕ್ಕದ ಕೊಹೀರ್ ಒಂದು. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಂಥ ಕರ್ನಾಟಕದ ಗಡಿ ಸೀಮೆಯಲ್ಲಿ ಚಳಿಗೆ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡರೆ ಈ ಅನಿಲ ಕೋಣೆ ತುಂಬುತ್ತದೆ. ತೊಗರಿ ಕಟ್ಟಿಗೆ ಉರಿದು ಹೊಗೆ ನಿಂತಮೇಲೆ ಉಳಿಯುವ ಕೆಂಡ ನಿರಪಾಯವೆಂದು ತೋರುತ್ತದೆ. ಆದರೆ ಕೆಂಡದ ತಳದಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್, ಮೇಲಿನ ಕೆಂಪಗೆ ಕಾದ ಇದ್ದಿಲಿನ ನಡುವೆ ಹಾಯುವಾಗ ಮೊನಾಕ್ಸೈಡ್ ಆಗುತ್ತದೆ. ಕೆಂಡದ ಮೇಲೆ ಆಡುವ ನೀಲಿ ಜ್ವಾಲೆ ಅದು ಉರಿಯುವ ಗುರುತು. ಉರಿಯದೆ ಉಳಿದದ್ದು ಕೋಣೆ ಸೇರುತ್ತದೆ. ಹೊಗೆಯಿಲ್ಲದ್ದರಿಂದ ಹೊಗೆ ಅಲಾರಂ ಸುಮ್ಮನಿರುತ್ತದೆ. ಬಚ್ಚಲಿನೊಳಗಿನ ಗ್ಯಾಸ್ ಗೀಸರ್, ಕರೆಂಟ್ ಹೋದಾಗ ಮನೆಯೊಳಗೆ ಓಡಿಸುವ ಜನರೇಟರ್ ತರುವ ಅಪಾಯವೂ ಇದೇ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಮೊನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು ಕಾಣಿಸಿಕೊಂಡಾಗ ಪಿತ್ತವೆಂದುಕೊಂಡು ಮಲಗಿದವರು ಏಳದೇ ಹೋಗಬಹುದು. ರಕ್ತ ಹಿಡಿದಿರುವುದು ಆಮ್ಲಜನಕವನ್ನೋ ಮೊನಾಕ್ಸೈಡನ್ನೋ ಎಂಬ ವ್ಯತ್ಯಾಸ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೂ ತಿಳಿಯದು.

ಈ ಅನಿಲದ ಅಲಾರಂ ಒಂದು ಪುಟ್ಟ ವಿದ್ಯುತ್ ಕೋಶ. ಪ್ಲಾಟಿನಂ ಲೇಪದ ಮೇಲೆ ಮೊನಾಕ್ಸೈಡ್ ಉತ್ಕರ್ಷಣಗೊಂಡು ಎಲೆಕ್ಟ್ರಾನು ಬಿಡುತ್ತದೆ. ಅನಿಲ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚುತ್ತದೆ. ಯುರೋಪಿನ ಇಎನ್ 50291 ಮಾನದಂಡದಂತೆ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ಇದ್ದರೆ 60ರಿಂದ 90 ನಿಮಿಷದೊಳಗೆ, 300 ಭಾಗವಿದ್ದರೆ 3 ನಿಮಿಷದೊಳಗೆ ಅದು ಕೂಗಬೇಕು. ಮಲಗುವ ಕೋಣೆಯಲ್ಲಿ ಇದನ್ನು ಮಲಗಿದವರ ತಲೆಯ ಎತ್ತರಕ್ಕೆ, ಪರದೆ, ಅಲಮಾರಿಗಳ ಮರೆಯಾಗದಂತೆ ಗೋಡೆಗೆ ಹಾಕಬೇಕು.

ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಅದರ ಅಲಾರಂ ಅಡುಗೆಮನೆಯ ನೆಲದಿಂದ ಒಂದು ಅಡಿಯೊಳಗಿರಬೇಕು.

ಮೂರಕ್ಕೂ ತಿಂಗಳಿಗೊಮ್ಮೆ ಪರೀಕ್ಷಾ ಗುಂಡಿ ಒತ್ತಿ ನೋಡಬೇಕು. ಹಾಸುಗಲ್ಲಿನ ಗಣಿ, ಪಾಲಿಶ್ ಘಟಕ, ಸಿಮೆಂಟ್ ಕಾರ್ಖಾನೆಗಳಿರುವ ತಾಂಡೂರಿನಂಥ ಊರಿನಲ್ಲಿ ಧೂಳು ಗೂಡಿಗೆ ಸೇರಿ ಸುಳ್ಳು ಕೂಗು ಎಬ್ಬಿಸುತ್ತದೆ. ಮೆದುವಾದ ಬ್ರಷ್‌ನಿಂದ ಆಗಾಗ ಒರೆಸಬೇಕು. ಹೊಗೆ ಅಲಾರಂ 10 ವರ್ಷಕ್ಕೆ ಬದಲಾಗಬೇಕು. ಉಳಿದವುಗಳ ಅವಧಿ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ.

ಮೊನಾಕ್ಸೈಡ್ ಅಲಾರಂ ಕೂಗಿದರೆ ಎಲ್ಲರೂ ಹೊರಬಂದು 108ಕ್ಕೆ, ಬೆಂಕಿಯಾದರೆ 101ಕ್ಕೆ ಕರೆಮಾಡಬೇಕು. ಅಡುಗೆ ಅನಿಲ ಸೋರಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ನಿಂತು 1906ಕ್ಕೆ ತಿಳಿಸಬೇಕು.